ಲಂಚ್ ಲೈನ್‌ನಲ್ಲಿ ಕೊಬ್ಬಿನ ಲೆಕ್ಕ

ಮಕ್ಕಳೇ, ನಿಮ್ಮ ಶಾಲೆಯ ಈ ತಿಂಗಳ ಲಂಚ್ ಮೆನು ತೆಗೆದು ನೋಡಿ. ಪಿಜ್ಜಾ, ಚಿಕನ್ ನಗೆಟ್ಸ್, ಗ್ರಿಲ್ಡ್ ಚೀಸ್, ನಾಚೋಸ್, ಮ್ಯಾಕ್ ಅಂಡ್ ಚೀಸ್... ಇಲ್ಲಿ ಅಮೆರಿಕದ ಬಹಳ ಶಾಲೆಗಳಲ್ಲಿ ಇವೇ ತಿರುಗಿ ತಿರುಗಿ ಬರುತ್ತವೆ. ಮಾಂಸ ತಿನ್ನದ ಮನೆಯ ಮಕ್ಕಳಿಗೆ ಇದರಲ್ಲಿ ಉಳಿಯುವುದು ಹೆಚ್ಚಾಗಿ ಚೀಸ್ ಮಾತ್ರ. "ನಮ್ಮ ಮಗು ವೆಜಿಟೇರಿಯನ್, ಚಿಂತೆಯಿಲ್ಲ" ಅಂತ ಅಪ್ಪ ಅಮ್ಮ ಅಂದುಕೊಂಡಿರಬಹುದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ ಬನ್ನಿ.

ಕೊಬ್ಬು ಕೆಟ್ಟದ್ದಾ?

ಖಂಡಿತ ಅಲ್ಲ. ಮೆದುಳು ಬೆಳೆಯಲು ಕೊಬ್ಬು ಬೇಕು. ಎ, ಡಿ, ಇ, ಕೆ ವಿಟಮಿನ್‌ಗಳನ್ನು ದೇಹ ಹೀರಿಕೊಳ್ಳಲೂ ಅದು ಬೇಕು. ಆದರೆ 1 ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ. 1 ಗ್ರಾಂ ಪ್ರೋಟೀನ್ ಅಥವಾ ಕಾರ್ಬೋಹೈಡ್ರೇಟ್‌ನಲ್ಲಿ ಬರೀ 4. ಹಾಗಾಗಿ ಕರಿದ ತಿಂಡಿ ಸ್ವಲ್ಪವೇ ತಿಂದರೂ ಕ್ಯಾಲೊರಿ ಬಹಳ ಆಗುತ್ತದೆ.

ಕೊಬ್ಬಿನಲ್ಲಿ ಬೇರೆ ಬೇರೆ ಬಗೆ ಇದೆ. ಕಡಲೆಕಾಯಿ, ಬಾದಾಮಿ, ಅವಕಾಡೊಗಳಲ್ಲಿ ಹೆಚ್ಚಾಗಿರುವುದು ಅಪರ್ಯಾಪ್ತ ಕೊಬ್ಬು, ಇದು ಒಳ್ಳೆಯದು. ಚೀಸ್, ಬೆಣ್ಣೆ, ತುಪ್ಪ, ಪಾಮ್ ಎಣ್ಣೆ, ಮಾಂಸದ ಕೊಬ್ಬು ಇವುಗಳಲ್ಲಿ ಪರ್ಯಾಪ್ತ ಕೊಬ್ಬು, ಅಂದರೆ ಲೇಬಲ್ ಮೇಲೆ "ಸ್ಯಾಚುರೇಟೆಡ್ ಫ್ಯಾಟ್" ಅಂತ ಬರೆದಿರುವುದು, ಜಾಸ್ತಿ. ಇದನ್ನು ಅತಿಯಾಗಿ ತಿಂದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಅದು ರಕ್ತನಾಳದ ಒಳಗೋಡೆಯಲ್ಲಿ ನಿಧಾನವಾಗಿ ಕೂರುತ್ತದೆ. ಹೃದಯದ ಕಾಯಿಲೆ ದೊಡ್ಡವರಿಗೆ ಬರುವುದಾದರೂ ಈ ಕೂರುವ ಕೆಲಸ ಬಾಲ್ಯದಲ್ಲೇ ಶುರುವಾಗಬಹುದು. ದಕ್ಷಿಣ ಏಷ್ಯಾ ಮೂಲದವರಿಗೆ, ಅಂದರೆ ನಮ್ಮಂಥವರಿಗೆ, ಹೃದಯದ ತೊಂದರೆ ಬೇರೆಯವರಿಗಿಂತ ಬೇಗ ಬರುವ ಸಂಭವ ಹೆಚ್ಚು. ಅದಕ್ಕೇ ಈ ವಿಷಯ ನಮಗೆ ಮುಖ್ಯ.

ಕಾನೂನು ಏನು ಹೇಳುತ್ತದೆ?

2010ರಲ್ಲಿ ಇಲ್ಲಿ ಮಕ್ಕಳ ಊಟದ ಬಗ್ಗೆ ಒಂದು ದೊಡ್ಡ ಕಾನೂನು ಬಂತು. ಆಗ ಅಧ್ಯಕ್ಷರ ಪತ್ನಿಯಾಗಿದ್ದ ಮಿಶೆಲ್ ಒಬಾಮ ಅದಕ್ಕಾಗಿ ಬಹಳ ಓಡಾಡಿದರು. ಅದರಿಂದ ತಟ್ಟೆಗೆ ಹಣ್ಣು, ತರಕಾರಿ ಹೆಚ್ಚಾಯಿತು. ಆದರೆ ಎಲ್ಲವೂ ಅಂದುಕೊಂಡಂತೆ ಆಗಲಿಲ್ಲ. ಪಿಜ್ಜಾ ಮೇಲಿನ ಎರಡು ಚಮಚ ಟೊಮೆಟೊ ಪೇಸ್ಟನ್ನು ಅರ್ಧ ಕಪ್ ತರಕಾರಿ ಅಂತ ಲೆಕ್ಕ ಹಿಡಿಯುವ ಪದ್ಧತಿಯನ್ನು ಬದಲಿಸಲು 2011ರಲ್ಲಿ ಕಾಂಗ್ರೆಸ್ ಬಿಡಲಿಲ್ಲ!

ಇನ್ನೊಂದು ಗುಟ್ಟು ಇದೆ. ಶಾಲೆಯ ಊಟದಲ್ಲಿ ಪರ್ಯಾಪ್ತ ಕೊಬ್ಬಿನಿಂದ ಬರುವ ಕ್ಯಾಲೊರಿ ಶೇ. 10ಕ್ಕಿಂತ ಕಡಿಮೆ ಇರಬೇಕು. ಆದರೆ ಇದು ವಾರದ ಸರಾಸರಿ. ಶಾಲೆ ಬೀನ್ಸ್, ಸಲಾಡ್, ಪಿಜ್ಜಾ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ನೀವು ದಿನವೂ ಪಿಜ್ಜಾ ಲೈನ್‌ನಲ್ಲೇ ನಿಂತರೆ ಸರಾಸರಿ ಶಾಲೆಗೆ ಸರಿಯಾಯಿತು, ನಿಮ್ಮ ಹೊಟ್ಟೆಗಲ್ಲ.

ನೀವೇ ಲೆಕ್ಕ ಹಾಕಿ

ಶಾಲೆಯ ಹೊತ್ತಿನಲ್ಲಿ ಬಿಡಿಯಾಗಿ ಮಾರುವ ಸ್ನ್ಯಾಕ್‌ಗೂ ನಿಯಮ ಇದೆ. 200 ಕ್ಯಾಲೊರಿ ಮೀರಬಾರದು. ಕೊಬ್ಬಿನಿಂದ ಬರುವ ಕ್ಯಾಲೊರಿ ಶೇ. 35 ಮೀರಬಾರದು. (ಕಡಲೆಕಾಯಿ, ಬಾದಾಮಿಯಂಥ ಬೀಜಗಳಿಗೆ ಈ ಕೊಬ್ಬಿನ ಮಿತಿಯಿಂದ ವಿನಾಯಿತಿ ಇದೆ.)

ಒಂದು ಚಿಪ್ಸ್ ಪ್ಯಾಕೆಟ್‌ನಲ್ಲಿ 160 ಕ್ಯಾಲೊರಿ, 10 ಗ್ರಾಂ ಕೊಬ್ಬು ಇದೆ ಅಂತ ಇಟ್ಟುಕೊಳ್ಳಿ. 10 × 9 = 90. 90 ಅಂದರೆ 160ರಲ್ಲಿ ಶೇ. 56. ಇದು ಫೇಲ್! ಇನ್ನೊಂದರಲ್ಲಿ 120 ಕ್ಯಾಲೊರಿ, 3 ಗ್ರಾಂ ಕೊಬ್ಬು. ಇದು ಪಾಸೋ ಫೇಲೋ? ಲೆಕ್ಕ ಮಾಡಿ ನಿಮ್ಮ ಕನ್ನಡ ಟೀಚರ್‌ಗೆ ಹೇಳಿ, ಅಂಕಿಗಳನ್ನು ಕನ್ನಡದಲ್ಲೇ!

ಆದರೆ ಶಾಲೆ ಮುಗಿದು ಅರ್ಧ ಗಂಟೆ ಆದಮೇಲೆ ಮಾರುವ ತಿಂಡಿಗೆ ಈ ನಿಯಮ ಇಲ್ಲ. ಮನೆಯಿಂದ ತರುವ ಡಬ್ಬಿಗೂ ಇಲ್ಲ. ನಮ್ಮ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಕೂಡ ಎಣ್ಣೆಯಲ್ಲಿ ಕರಿದವೇ. ಅಜ್ಜಿ ಮಾಡಿದ್ದು ಅಂದ ಮಾತ್ರಕ್ಕೆ ಎಣ್ಣೆ ಮಾಯವಾಗುವುದಿಲ್ಲ. ಹಬ್ಬಕ್ಕೆ ತಿನ್ನೋಣ, ದಿನದ ಸ್ನ್ಯಾಕ್ ಮಾಡುವುದು ಬೇಡ.

ಏನು ಮಾಡಬಹುದು?

ಮಕ್ಕಳೇ, ಪಿಜ್ಜಾ ಬಿಡಿ ಅಂತ ಹೇಳುತ್ತಿಲ್ಲ. ವಾರಕ್ಕೆ ಒಂದು ದಿನ ಸಾಕು. ಉಳಿದ ದಿನ ಬೀನ್ಸ್, ಹಣ್ಣು, ಸಲಾಡ್ ಕಡೆ ಹೋಗಿ, ಇಲ್ಲವೇ ಮನೆಯ ಡಬ್ಬಿ ಒಯ್ಯಿರಿ. ಥರ್ಮಾಸ್‌ನಲ್ಲಿ ಬಿಸಿಬೇಳೆಬಾತ್, ಚಪಾತಿಗೆ ಸುತ್ತಿದ ಪಲ್ಯ, ಹೆಸರುಬೇಳೆ ಕೋಸಂಬರಿ, ಬೇಯಿಸಿದ ಕಡಲೆಕಾಯಿ ಎಲ್ಲವೂ ಚೆನ್ನ. ಕೊನೆಯದನ್ನು ಒಯ್ಯುವ ಮುನ್ನ ಶಾಲೆಯಲ್ಲಿ ಕಡಲೆಕಾಯಿಗೆ ಅನುಮತಿ ಇದೆಯೇ ಅಂತ ಕೇಳಿ.

ಅಪ್ಪ ಅಮ್ಮಂದಿರೇ, ಡಬ್ಬಿ ಹಾಗೇ ವಾಪಸ್ ಬಂದರೆ ಬೈಯುವ ಮುಂಚೆ ಕಾರಣ ಕೇಳಿ. "ಏನೋ ವಾಸನೆ" ಅಂತ ಪಕ್ಕದ ಮಗು ಮೂಗು ಮುರಿದಿದ್ದರೆ, ನಿಮ್ಮ ಮಗುವಿಗೆ ನಗೆಟ್ಸ್‌ಗಿಂತ ದೊಡ್ಡ ಸಮಸ್ಯೆ ಅದೇ. ಏನು ಒಯ್ಯಬೇಕು ಅಂತ ಇಬ್ಬರೂ ಕೂತು ತೀರ್ಮಾನ ಮಾಡಿ. ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್‌ಗೂ ಒಂದು ವೆಲ್‌ನೆಸ್ ಪಾಲಿಸಿ ಇರಲೇಬೇಕು. ಅದನ್ನು ರೂಪಿಸುವುದರಲ್ಲಿ ಪೋಷಕರಿಗೆ, ಮಕ್ಕಳಿಗೆ ಅವಕಾಶ ಕೊಡಬೇಕು. ಚೀಸ್ ಇಲ್ಲದ ಸಸ್ಯಾಹಾರವೂ ಬೇಕು ಅಂತ ಅಲ್ಲಿ ಕೇಳಬಹುದು. ನಾವು ಕೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಊಟ ಬಲ್ಲವನಿಗೆ ರೋಗವಿಲ್ಲ ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಈ ದೇಶದಲ್ಲಿ ಊಟ ಬಲ್ಲವರಾಗಬೇಕಾದರೆ ಲೇಬಲ್ ಓದುವುದನ್ನೂ ಕಲಿಯಬೇಕು, ಅಷ್ಟೇ.