ಅಂಚಿನಲ್ಲಿ ಉಳಿದ ಹೆಸರುಗಳು

ಶನಿವಾರ ಬೆಳಗ್ಗೆ ಲಂಡನ್ನಿನ ನಾಟಿಂಗ್ ಹಿಲ್ ಗೇಟ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಹೊರಗೆ ಬಂದರೆ ದಾರಿ ಕೇಳುವ ಅಗತ್ಯವಿಲ್ಲ. ಜನ ಹೋಗುವ ಕಡೆಗೆ ಹೋದರಾಯಿತು, ಪೋರ್ಟೊಬೆಲ್ಲೊ ರಸ್ತೆ ಸಿಗುತ್ತದೆ. ಮೇಲ್ತುದಿಯಲ್ಲಿ ಹಳೆಯ ಸಾಮಾನಿನ ಅಂಗಡಿಗಳು, ಇಳಿದಂತೆ ಹಣ್ಣು ತರಕಾರಿ, ಇನ್ನೂ ಕೆಳಗೆ ಹೋದರೆ ಬೇರೆಯವರು ಉಟ್ಟು ಬಿಟ್ಟ ಬಟ್ಟೆ. ನಮ್ಮೂರ ಸಂತೆಯ ಹಾಗೆಯೇ ಒಂದೊಂದು ಮಾಲಿಗೆ ಒಂದೊಂದು ಜಾಗ. ಬೆಳ್ಳಿ ಚಮಚ, ಹಿತ್ತಾಳೆಯ ದುರ್ಬೀನು, ಪಿಂಗಾಣಿ ಬಟ್ಟಲು, ಕೋಟಿನ ಗುಂಡಿ ತುಂಬಿದ ಡಬ್ಬಿ, ಇವೆಲ್ಲವನ್ನೂ ದಾಟಿ ಒಂದು ಓಣಿಯೊಳಗೆ ಹೊಕ್ಕರೆ ನನ್ನ ಕಾಲು ತಾನಾಗಿ ನಿಲ್ಲುವ ಮೇಜು ಬರುತ್ತದೆ. ಗಾಜಿನ ಮುಚ್ಚಳದ ಚಪ್ಪಟೆ ಪೆಟ್ಟಿಗೆ. ಒಳಗೆ ಕಡುನೀಲಿ ಮಖಮಲ್ಲು. ಅದರ ಮೇಲೆ ಸಾಲಾಗಿ ಮಲಗಿಸಿದ ಯುರೋಪಿನ ಹಳೆಯ ಪದಕಗಳು.

ಮೊದಲು ಕಣ್ಣಿಗೆ ಬೀಳುವುದು ಲೋಹಕ್ಕಿಂತ ರಿಬ್ಬನ್. ಮಾಸಿದ ಕೆಂಪು, ಹಸಿರಿನ ಮೇಲೆ ಕೆಂಪು ಗೆರೆ, ಕಪ್ಪಿನ ಅಂಚಿಗೆ ಬಿಳಿ ಗೆರೆ, ಎರಡು ಕಾಮನಬಿಲ್ಲನ್ನು ಕೂಡಿಸಿ ಹೊಲಿದಂಥ ಬಣ್ಣದ ಪಟ್ಟಿ. ಕೆಲವು ರಿಬ್ಬನ್ನುಗಳ ಮಡಿಕೆಯಲ್ಲಿ ಬಣ್ಣ ಇನ್ನೂ ಹೊಸದಾಗಿದೆ, ಬೆಳಕು ಬಿದ್ದ ಕಡೆ ಮಾತ್ರ ಒಣಗಿದ ಹೂವಿನ ಹಾಗಿದೆ. ಮೇಜಿನ ಹಿಂದೆ ಕೂತ ಮುದುಕ ಮುಚ್ಚಳ ತೆಗೆದು ಒಂದು ಬೆಳ್ಳಿಯ ಬಿಲ್ಲೆಯನ್ನು ನನ್ನ ಅಂಗೈ ಮೇಲೆ ಇಡುತ್ತಾರೆ. ಮಾತಾಡುವುದಿಲ್ಲ. ಜೊತೆಗೆ ಒಂದು ಭೂತಗನ್ನಡಿ ಕೊಡುತ್ತಾರೆ, ಅಷ್ಟೆ.

36 ಮಿಲಿಮೀಟರ್ ಅಗಲದ ಈ ಬಿಲ್ಲೆ ಬ್ರಿಟಿಷ್ ವಾರ್ ಮೆಡಲ್, ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟದ್ದು. ಒಂದು ಬದಿಯಲ್ಲಿ ಕಿರೀಟವಿಲ್ಲದ ಐದನೇ ಜಾರ್ಜ್ ದೊರೆಯ ತಲೆ. ಸುತ್ತ ಲ್ಯಾಟಿನ್ ಅಕ್ಷರ, ಅದರ ಕೊನೆಯಲ್ಲಿ ‘ಇಂಡ್ ಇಂಪ್’ ಎಂಬ ಎರಡು ತುಂಡು ಪದ. ಭಾರತದ ಚಕ್ರವರ್ತಿ ಎಂದು ಅರ್ಥ. ಮತ್ತೊಂದು ಬದಿಯಲ್ಲಿ ಬರಿಮೈಯ ಸವಾರ. ಅವನ ಕುದುರೆಯ ಗೊರಸಿನ ಕೆಳಗೆ ಪ್ರಷ್ಯದ ಹದ್ದಿನ ಗುರಾಣಿ, ಒಂದು ತಲೆಬುರುಡೆ. ಶಿಲ್ಪಿ ವಿಲಿಯಂ ಮ್ಯಾಕ್‌ಮಿಲನ್ ಮಾಡಿದ ಚಿತ್ರ. ಚೆನ್ನಾಗಿದೆ ಎಂದು ತಿರುಗಿಸಿ ತಿರುಗಿಸಿ ನೋಡುತ್ತೇನೆ. ಮುದುಕ ತಲೆ ಅಲ್ಲಾಡಿಸುತ್ತಾರೆ. ಬಿಲ್ಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ನೆಟ್ಟಗೆ ಹಿಡಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ತಿರುಗಿಸುತ್ತಾರೆ.

ಆಗ ಅಂಚು ಕಾಣುತ್ತದೆ. ನಾಲ್ಕು ದಾರದೆಳೆಯಷ್ಟು ದಪ್ಪದ ಆ ಅಂಚಿನ ಸುತ್ತ ಸಣ್ಣ ಅಕ್ಷರಗಳನ್ನು ಒತ್ತಿದ್ದಾರೆ. ಮೊದಲು ಒಂದು ಸಂಖ್ಯೆ, ಆಮೇಲೆ ಹುದ್ದೆ, ಆಮೇಲೆ ಹೆಸರಿನ ಮೊದಲಕ್ಷರ, ಮನೆತನದ ಹೆಸರು, ಕೊನೆಗೆ ರೆಜಿಮೆಂಟು. ಹುದ್ದೆಯ ಜಾಗದಲ್ಲಿರುವುದು ಸಾಮಾನ್ಯ ಸಿಪಾಯಿ ಎಂಬುದರ ಮೂರಕ್ಷರ. ಪದಕ ಸಂಗ್ರಹಿಸುವ ಹವ್ಯಾಸದ ಮೊದಲ ಪಾಠವೂ ಕೊನೆಯ ಪಾಠವೂ ಇದೇ: ಪದಕದ ಮುಖ ದೊರೆಯದು, ಅಂಚು ಸಿಪಾಯಿಯದು. ಅದೇ ಮುಖದ ಬೆಳ್ಳಿ ಪದಕಗಳು ಅರವತ್ತು ಲಕ್ಷಕ್ಕೂ ಮೇಲೆ ಅಚ್ಚಾದವು. ಆದರೆ ಈ ಅಂಚು ಇರುವುದು ಒಂದೇ.

ಅಂಚಿನ ಈ ಒಂದು ಸಾಲು ಎಷ್ಟು ದೊಡ್ಡದು ಎಂಬುದು ಥೇಮ್ಸ್ ದಂಡೆಯ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಗಳ ಭವನಕ್ಕೆ ಹೋದವರಿಗೆ ಗೊತ್ತು. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಬಿದ್ದು ಲಂಡನ್ನಿನ ಸೇನಾ ದಾಖಲೆಗಳ ಉಗ್ರಾಣ ಸುಟ್ಟಿತು. ಮೊದಲ ಮಹಾಯುದ್ಧದ ಸಿಪಾಯಿಗಳ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೂದಿಯಾದವು. ಪದಕ ಯಾರಿಗೆ ಸಲ್ಲಬೇಕು ಎಂದು ಗುಮಾಸ್ತರು ಬರೆದಿಟ್ಟ ಪುಟ್ಟ ಕಾರ್ಡುಗಳು ಮಾತ್ರ ಬೇರೆ ಕಡೆ ಇದ್ದದ್ದರಿಂದ ಉಳಿದವು. ಎಷ್ಟೋ ಮಂದಿಯ ಯುದ್ಧದ ಬದುಕಿಗೆ ಈಗ ಮುಖ್ಯ ಸಾಕ್ಷಿ ಎರಡೇ: ಆ ಕಾರ್ಡು, ಈ ಅಂಚು. ಸಂಖ್ಯೆ, ಹೆಸರು, ರೆಜಿಮೆಂಟು ಎರಡರಲ್ಲೂ ಕೂಡಿಬಂದರೆ ಒಬ್ಬ ಮನುಷ್ಯ ಮತ್ತೆ ಸಿಕ್ಕ ಹಾಗೆ.

ಪೆಟ್ಟಿಗೆಯ ಬಲಮೂಲೆಯಲ್ಲಿ ಮೂರು ಪದಕ ಒಟ್ಟಿಗೆ ತೂಗುತ್ತಿವೆ. ಕಂಚಿನ ನಕ್ಷತ್ರ, ಬೆಳ್ಳಿ ಬಿಲ್ಲೆ, ಕಾಮನಬಿಲ್ಲಿನ ರಿಬ್ಬನ್ನಿನ ಕಂಚಿನ ಬಿಲ್ಲೆ. ಯುದ್ಧ ಮುಗಿದ ಮೇಲೆ ಡೈಲಿ ಮಿರರ್ ಪತ್ರಿಕೆಯಲ್ಲಿ ನಾಯಿ, ಪೆಂಗ್ವಿನ್, ಮೊಲದ ಒಂದು ಚಿತ್ರಕಥೆ ಬರುತ್ತಿತ್ತು. ಆ ಮೂರರ ಹೆಸರನ್ನೇ ಜನ ಈ ಮೂರು ಪದಕಕ್ಕೂ ಇಟ್ಟರು: ಪಿಪ್, ಸ್ಕ್ವೀಕ್, ವಿಲ್ಫ್ರೆಡ್. ಇಂದಿಗೂ ಮೇಜಿನ ಎರಡು ಬದಿಯವರೂ ಹಾಗೆಯೇ ಕರೆಯುತ್ತಾರೆ. ಆದರೆ ಮೂರೂ ಒಟ್ಟಿಗೆ ಸಿಗುವುದು ಕಡಿಮೆಯಾಗಿದೆ. 1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಗಗನಕ್ಕೇರಿದಾಗ ಮನೆಮನೆಯಿಂದ ಬೆಳ್ಳಿ ಪದಕಗಳು ಕುಲುಮೆಗೆ ಹೋದವು. ಜೊತೆಯ ಕಂಚಿನ ಬಿಲ್ಲೆ ಒಂಟಿಯಾಗಿ ಉಳಿಯಿತು. ಪೆಟ್ಟಿಗೆಯಲ್ಲಿ ಒಂಟಿ ಬಿಲ್ಲೆ ಕಂಡಾಗಲೆಲ್ಲ ಅದರ ಜೋಡಿ ಎಲ್ಲಿ ಕರಗಿತೋ ಎಂದು ಮನಸ್ಸು ಹಿಂಡುತ್ತದೆ.

ಹೆಸರಿಗೆ ಬೆಲೆ ಇದೆ ಎಂದಾದ ಮೇಲೆ ಮೋಸವೂ ಅಲ್ಲಿಗೇ ಬಂದು ಕೂರುತ್ತದೆ. ಸಾಮಾನ್ಯ ಸಿಪಾಯಿಯ ಹೆಸರನ್ನು ಅರದಿಂದ ಉಜ್ಜಿ ತೆಗೆದು ಪ್ರಸಿದ್ಧ ಕಾಳಗದ ವೀರನ ಹೆಸರು ಕೆತ್ತುವವರಿದ್ದಾರೆ. ಹಿಡಿಯುವ ದಾರಿ ಸರಳ. ಮುದುಕ ಕೋಟಿನ ಜೇಬಿನಿಂದ ಅಳತೆಯ ಕೈವಾರ ತೆಗೆದು ಬಿಲ್ಲೆಯನ್ನು ಎರಡು ಮೂರು ಕಡೆ ಅಳೆಯುತ್ತಾರೆ. ಉಜ್ಜಿದ ಕಡೆ ಅಡ್ಡಳತೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಅಕ್ಷರವನ್ನು ಅಚ್ಚಿನಿಂದ ಒತ್ತಿದ್ದಾರೋ ಉಳಿಯಿಂದ ಕೆತ್ತಿದ್ದಾರೋ ಎಂದು ಭೂತಗನ್ನಡಿ ಹೇಳುತ್ತದೆ. ರಿಬ್ಬನ್ನಿಗೆ ನೇರಳಾತೀತ ಕಿರಣದ ದೀಪ ಹಿಡಿಯುತ್ತಾರೆ. ಎರಡನೇ ಮಹಾಯುದ್ಧದ ನಂತರ ಬಂದ ಹೊಳಪಿನ ರಾಸಾಯನಿಕವಿರುವ ನೂಲು ಆ ಬೆಳಕಿನಲ್ಲಿ ನೀಲಿಬಿಳಿಯಾಗಿ ಬೆಳಗುತ್ತದೆ, ಹಳೆಯ ರೇಷ್ಮೆ ಸುಮ್ಮನಿರುತ್ತದೆ.

ಎಲ್ಲ ದೇಶದವರೂ ಅಂಚಿನಲ್ಲಿ ಹೆಸರು ಬರೆಯಲಿಲ್ಲ. ಹೆಸರಿಲ್ಲದ ಕಡೆ ಪದಕದ ಮೈಯನ್ನೇ ಓದಬೇಕು. ಎಡಸಾಲಿನಲ್ಲಿ ಐದು ತೋಳಿನ, ಬಿಳಿ ಎನಾಮಲ್ಲಿನ ಒಂದು ನಕ್ಷತ್ರ. ಫ್ರಾನ್ಸಿನ ಲೀಜಿಯನ್ ದ ಆನರ್. 1802ರ ಮೇ 19ರಂದು ನೆಪೋಲಿಯನ್ ಸ್ಥಾಪಿಸಿದ್ದು. ಆ ದೇಶದಲ್ಲಿ ಆಳುವವರು ಬದಲಾದ ಹಾಗೆಲ್ಲ ಇದರ ನಡುವಿನ ಮುಖವೂ ಬದಲಾಯಿತು. ಮೊದಲು ನೆಪೋಲಿಯನ್. ರಾಜರು ಮರಳಿದಾಗ ಅವರ ಪೂರ್ವಜ ನಾಲ್ಕನೇ ಹೆನ್ರಿ. ಗಣರಾಜ್ಯ ಬಂದಾಗ ಒಬ್ಬ ಹೆಣ್ಣಿನ ಮುಖ, ಸುತ್ತ 1870 ಎಂಬ ಇಸವಿ. ನಕ್ಷತ್ರವನ್ನು ರಿಬ್ಬನ್ನಿಗೆ ಕೂಡಿಸುವ ಜಾಗದಲ್ಲಿ ಕಿರೀಟವಿದ್ದರೆ ದೊರೆಗಳ ಕಾಲ, ಎಲೆಯ ಹಾರವಿದ್ದರೆ ಪ್ರಜೆಗಳ ಕಾಲ. ಒಂದು ಶತಮಾನದ ಫ್ರಾನ್ಸ್ ಬೆರಳತುದಿಯಲ್ಲಿ ಬಂದು ಕೂತಂತೆ.

ಅದರ ಪಕ್ಕದಲ್ಲಿ ಕಪ್ಪಗೆ ಜರ್ಮನಿಯ ಐರನ್ ಕ್ರಾಸ್. ಹೊಸಬರು ಎಡವುವುದೇ ಇಲ್ಲಿ. ಹಿಂಬದಿಯಲ್ಲಿ ಓಕ್ ಎಲೆ, ಎಫ್ ಡಬ್ಲ್ಯೂ ಎಂಬ ಅಕ್ಷರ, ಕೆಳಗೆ 1813. ಇನ್ನೂರು ವರ್ಷದ ವಸ್ತು ಸಿಕ್ಕಿತೆಂದು ಎದೆ ಹಾರುತ್ತದೆ. ತಿರುಗಿಸಿದರೆ ಮುಂಬದಿಯಲ್ಲಿ ಕಿರೀಟ, ಡಬ್ಲ್ಯೂ, 1914. ಪ್ರಷ್ಯದ ದೊರೆ ಮೂರನೇ ಫ್ರೆಡರಿಕ್ ವಿಲಿಯಂ ನೆಪೋಲಿಯನ್ನನ ವಿರುದ್ಧದ ಯುದ್ಧಕ್ಕೆಂದು 1813ರಲ್ಲಿ ಬ್ರೆಸ್ಲಾವಿನಲ್ಲಿ ಇದನ್ನು ಸ್ಥಾಪಿಸಿದ. ಇಂದು ಆ ಊರು ಪೋಲೆಂಡಿನ ವ್ರೊಟ್ಸ್ವಾಫ್. ವಾಸ್ತುಶಿಲ್ಪಿ ಶಿಂಕೆಲ್ ಅದಕ್ಕೆ ರೂಪ ಕೊಟ್ಟ. 1870ರಲ್ಲಿ, 1914ರಲ್ಲಿ, 1939ರಲ್ಲಿ ಮತ್ತೆ ಮತ್ತೆ ಜೀವ ಬಂದಾಗ ಹೊಸ ಇಸವಿ ಮುಂಬದಿಗೆ ಬಂತು. ಹಾಗಾಗಿ ಇಸವಿಯನ್ನು ಮುಂದೆಯೇ ಓದಬೇಕು. ಎರಕದ ಕಬ್ಬಿಣದ ತಿರುಳು, ಸುತ್ತ ಬೆಳ್ಳಿಯ ಕಟ್ಟು: ಅಸಲಿಗೆ ಅಯಸ್ಕಾಂತ ಒಡ್ಡಿದರೆ ಹಿಡಿಯುತ್ತದೆ, ಕಟ್ಟಿನ ಬೆಸುಗೆ ಕಣ್ಣಿಗೆ ಬೀಳುತ್ತದೆ. ಇಡೀ ಶಿಲುಬೆ ಒಂದೇ ಎರಕವಾಗಿದ್ದರೆ ಕೆಳಗಿಟ್ಟು ಮುಂದೆ ಹೋಗಬೇಕು. ಇನ್ನು ರಿಬ್ಬನ್ ತ್ರಿಕೋನವಾಗಿ ಮಡಿಚಿದ್ದರೆ ಆಸ್ಟ್ರಿಯ, ಐದು ಮೂಲೆಯಾಗಿ ಮಡಿಚಿದ್ದರೆ ರಷ್ಯ ಎಂದು ಹುಡುಕಲು ಹೊರಡಬಹುದು. ಸೀರೆ ಉಟ್ಟ ಬಗೆ ನೋಡಿ ಊರು ಹೇಳುವಂತೆ.

ಇಷ್ಟೆಲ್ಲ ನೋಡುವಾಗಲೂ ನನ್ನ ಕಣ್ಣು ಹುಡುಕುವುದು ಒಂದೇ ಪದಕವನ್ನು. ಅದು ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಮ್ಯಾಥ್ಯೂ ಬೋಲ್ಟನ್ನನ ಸೋಹೊ ಟಂಕಸಾಲೆಯಲ್ಲಿ. ಅಚ್ಚು ಕೆತ್ತಿದವನು ಕೂಕ್ಲರ್ ಎಂಬ ಜರ್ಮನ್ ಕಲಾವಿದ. ಅದರ ಮೇಲಿನ ಊರು ಮಾತ್ರ ನಮ್ಮದು, ಶ್ರೀರಂಗಪಟ್ಟಣ. ಒಂದು ಬದಿಯಲ್ಲಿ ಕೋಟೆಗೆ ಲಗ್ಗೆ ಇಡುವ ದೃಶ್ಯ. ದಾಳಿ ನಡೆದದ್ದು ನಡುಹಗಲಿನಲ್ಲಿ ಎಂದು ತೋರಿಸಲು ಮೇಲೆ ಸೂರ್ಯ. ಮತ್ತೊಂದು ಬದಿಯಲ್ಲಿ ಹುಲಿಯನ್ನು ಕೆಡವಿ ಮೇಲೇರಿದ ಸಿಂಹ, ಕೆಳಗೆ ರೋಮನ್ ಅಂಕಿಯಲ್ಲಿ 1799ರ ಮೇ 4. ಹುಲಿ ಟಿಪ್ಪುವಿನ ಲಾಂಛನ, ಸಿಂಹ ಬ್ರಿಟಿಷರದು. ಸಿಂಹದ ಮೇಲೆ ಹಾರುವ ಬಾವುಟದಲ್ಲಿ ಅರಬ್ಬಿ ಬರಹ: ‘ಅಸದುಲ್ಲಾಹಿಲ್ ಗಾಲಿಬ್’, ದೇವರ ಸಿಂಹವೇ ಗೆಲ್ಲುವುದು. ಇದೇ ಮಾತನ್ನು ಹುಲಿಮುಖದ ಆಕಾರದಲ್ಲಿ ಬರೆಸಿ ತನ್ನ ಬಾವುಟಗಳ ಮೇಲೂ ಆಯುಧಗಳ ಮೇಲೂ ಇರಿಸಿಕೊಂಡಿದ್ದವನು ಟಿಪ್ಪು. ಗೆದ್ದವರು ಕೋಟೆಯ ಜೊತೆಗೆ ಅವನ ಮಾತನ್ನೂ ತೆಗೆದುಕೊಂಡರು.

ಈ ಪದಕವನ್ನು ಹುದ್ದೆ ನೋಡಿ ಹಂಚಿದರು. ದೊಡ್ಡವರಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ಲೇಪದ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಕಂಚು, ಕಟ್ಟಕಡೆಯ ಸಿಪಾಯಿಗೆ ತವರ. ತವರ ಮೆದು, ಒಂದು ಸಲ ಕೈಜಾರಿ ಬಿದ್ದರೂ ತಗ್ಗು ಬೀಳುತ್ತದೆ. ಸುಮಾರು 48 ಮಿಲಿಮೀಟರ್ ಅಗಲದ ಆ ಬಿಲ್ಲೆಯ ಅಂಚನ್ನು ತಿರುಗಿಸಿ ನೋಡಿದರೆ ಏನೂ ಇಲ್ಲ. ಹೆಸರಿಲ್ಲ, ಸಂಖ್ಯೆಯಿಲ್ಲ. ಕಾವೇರಿಯ ನೀರಿಗಿಳಿದು ಕೋಟೆ ಹತ್ತಿದವನು ಯಾರು ಎಂದು ಈಸ್ಟ್ ಇಂಡಿಯಾ ಕಂಪನಿಯ ಪದಕ ಹೇಳುವುದಿಲ್ಲ.

ಆ ಮುತ್ತಿಗೆಯಲ್ಲಿ ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಇದ್ದ. ಹದಿನಾರು ವರ್ಷ ಕಳೆದು 1815ರ ಜೂನ್ 18ರಂದು ಅವನೇ ವೆಲ್ಲಿಂಗ್ಟನ್ ಆಗಿ ವಾಟರ್ಲೂ ಗೆದ್ದ. ವಾಟರ್ಲೂ ಪದಕದಲ್ಲಿ ಸೇನಾಪತಿಗೂ ಸಿಪಾಯಿಗೂ ಒಂದೇ ಬೆಳ್ಳಿ, ಒಂದೇ ಅಳತೆ. ಪ್ರತಿಯೊಂದರ ಅಂಚಿನಲ್ಲೂ ಪಡೆದವನ ಹೆಸರನ್ನು ಯಂತ್ರದಿಂದ ಒತ್ತಿದರು. ಬ್ರಿಟಿಷ್ ಸೇನೆಯಲ್ಲಿ ಎಲ್ಲ ದರ್ಜೆಯವರಿಗೂ ಹೀಗೆ ಹೆಸರು ಬರೆದು ಕೊಟ್ಟ ಮೊದಲ ಪದಕ ಅದು. ಶ್ರೀರಂಗಪಟ್ಟಣದ ಬೋಳು ಅಂಚನ್ನೂ ವಾಟರ್ಲೂವಿನ ಬರೆದ ಅಂಚನ್ನೂ ಅಕ್ಕಪಕ್ಕ ಇಟ್ಟರೆ, ಸಿಪಾಯಿಗೂ ಒಂದು ಹೆಸರಿದೆ ಎಂದು ಬ್ರಿಟನ್ ಒಪ್ಪಿಕೊಂಡ ಗಳಿಗೆ ಕಣ್ಣೆದುರು ಬರುತ್ತದೆ.

ನಮ್ಮವರ ಹೆಸರು ಆ ಅಂಚಿಗೆ ಬರಲು ಇನ್ನೂ ಕಾಲ ಹಿಡಿಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ನುಗ್ಗಿದ ಕುದುರೆ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರಿದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ನಿಂತಿರುವುದು ಹೈದರಾಬಾದ್, ಜೋಧಪುರಗಳ ಜೊತೆಗೆ ಮೈಸೂರಿನ ಈ ಸವಾರರ ನೆನಪಿಗೂ. ಅವರಿಗೂ ಸಿಕ್ಕಿದ್ದು ನನ್ನ ಅಂಗೈ ಮೇಲಿರುವಂಥದೇ ಬೆಳ್ಳಿ ಬಿಲ್ಲೆ. ಅಂಚಿನಲ್ಲಿ ಸವಾರನ ಹೆಸರು, ಪಡೆಯ ಹೆಸರು. ಆದರೂ ಭೇದ ಪೂರ್ತಿ ಹೋಗಿರಲಿಲ್ಲ. ಚೀನಾ, ಮಾಲ್ಟಾ, ಭಾರತದಿಂದ ಹೋದ ಕೂಲಿ ಪಡೆಗಳವರಿಗೆ ಅದೇ ಪದಕವನ್ನು ಕಂಚಿನಲ್ಲಿ ಅಚ್ಚು ಹಾಕಿ ಕೊಟ್ಟರು. ಮಣ್ಣು ಹೊತ್ತವನಿಗೆ ಬೆಳ್ಳಿ ಸಲ್ಲದು ಎಂಬ ಲೆಕ್ಕ.

ಮಧ್ಯಾಹ್ನವಾಗುತ್ತಿದ್ದಂತೆ ಓಣಿಯ ಮೇಜುಗಳ ಮೇಲೆ ಹಳೆಯ ಪತ್ರಿಕೆಗಳು ಬಿಚ್ಚಿಕೊಳ್ಳುತ್ತವೆ, ಪಿಂಗಾಣಿ ಬಟ್ಟಲು ಒಂದೊಂದಾಗಿ ಪೆಟ್ಟಿಗೆ ಸೇರುತ್ತವೆ. ಮುದುಕ ಪದಕಗಳನ್ನು ಎತ್ತುವಾಗ ಬೆರಳು ಅಂಚಿಗೆ ಮಾತ್ರ ತಾಗುತ್ತದೆ, ಮುಖಕ್ಕೆ ತಾಗುವುದಿಲ್ಲ. ಕಪ್ಪಾದ ಬೆಳ್ಳಿಯನ್ನು ಉಜ್ಜುವುದಿಲ್ಲ. ಮೂರು ಒಟ್ಟಿಗಿದ್ದರೆ ಬಿಡಿಸಿ ಮಾರುವುದಿಲ್ಲ. ಒಂದು ಮನೆಯಿಂದ ಬಂದ ಪದಕಗಳ ಜೊತೆ ಬಂದ ಹರಿದ ಲಕೋಟೆಯನ್ನೂ ಅವುಗಳ ಕೆಳಗೇ ಇಟ್ಟು ಮುಚ್ಚಳ ಹಾಕುತ್ತಾರೆ.

ಕೊಡಗಿನಲ್ಲಿ, ಮೈಸೂರಿನಲ್ಲಿ, ಇನ್ನೂ ಎಷ್ಟೋ ಊರುಗಳಲ್ಲಿ ಅಜ್ಜನೋ ಮುತ್ತಜ್ಜನೋ ಯುದ್ಧದಿಂದ ತಂದ ಇಂಥ ಬಿಲ್ಲೆ ಅಟ್ಟದ ಟ್ರಂಕಿನಲ್ಲಿ, ದೇವರ ಮನೆಯ ಡಬ್ಬಿಯಲ್ಲಿ ಇದ್ದೀತು. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡಿ. ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ. ಅಕ್ಕಸಾಲಿಗರ ತಕ್ಕಡಿಗೆ ಹಾಕಬೇಡಿ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಅಂಚನ್ನು ಓದಿ. ಕಂಡ ಸಂಖ್ಯೆ, ಹುದ್ದೆ, ಹೆಸರು, ಪಡೆಯನ್ನು ಒಂದು ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದು, ಮನೆಯ ಹಿರಿಯರಿಗೆ ಗೊತ್ತಿರುವ ಮಾತನ್ನೂ ಸೇರಿಸಿ, ಪದಕದ ಜೊತೆಗೇ ಇಡಿ. ಅಷ್ಟು ಮಾಡಿದರೆ ನಿಮ್ಮ ಮೊಮ್ಮಕ್ಕಳಿಗೆ ಆ ಬಿಲ್ಲೆ ಯಾರದೆಂದು ಗೊತ್ತಿರುತ್ತದೆ.