ಬಾಗಿಲ ಬುಡದ ರಬ್ಬರ್ ಕೊಳವೆ

ಸೆಂಟ್ರಲ್ ಲಾಕ್ ಕೆಟ್ಟಿದೆ ಎಂದು ಕಾರು ತಂದವರನ್ನು ನಾನು ಮೊದಲು ಕೇಳುವುದು ಇಷ್ಟೇ: ಸತ್ತಿರುವುದು ಒಂದು ಬಾಗಿಲೋ, ನಾಲ್ಕೂ ಬಾಗಿಲೋ? ನಾಲ್ಕೂ ಅಲ್ಲಾಡುತ್ತಿಲ್ಲ ಎಂದರೆ ತಪ್ಪು ಎಲ್ಲಕ್ಕೂ ಸೇರಿದ ಜಾಗದಲ್ಲಿರುತ್ತದೆ. ಫ್ಯೂಸ್, ಕಂಟ್ರೋಲ್ ಯೂನಿಟ್, ಅದರ ಅರ್ಥ್, ಇಲ್ಲವೇ ಡ್ರೈವರ್ ಬಾಗಿಲಿನ ಸ್ವಿಚ್. ಒಂದೇ ಬಾಗಿಲಾದರೆ ಅದರ ಮೋಟಾರು ಅಥವಾ ಅದಕ್ಕೆ ಹೋಗುವ ವೈರು. ಒಳಗಿನ ಬಟನ್ನಿಗೆ ಎಲ್ಲ ಬಾಗಿಲೂ ಸರಿಯಾಗಿ ಲಾಕ್ ಆಗುತ್ತವೆ, ರಿಮೋಟಿಗೆ ಮಾತ್ರ ಆಗುತ್ತಿಲ್ಲವೇ? ಹಾಗಾದರೆ ಕಾರು ಬಿಚ್ಚುವ ಮೊದಲು ರಿಮೋಟಿನ ಸೆಲ್ಲು ನೋಡಿ. ಬಹಳಷ್ಟು ರಿಮೋಟುಗಳಲ್ಲಿರುವುದು 3 ವೋಲ್ಟಿನ ಸಿಆರ್ 2032.

ಬಾಗಿಲ ಒಳಗಿನ ಏರ್ಪಾಡು ಜನ ಅಂದುಕೊಂಡಷ್ಟು ಜಟಿಲವಲ್ಲ. ಲಾಕಿನ ಪಕ್ಕ ಒಂದು ಪುಟ್ಟ ಮೋಟಾರು, ಅದಕ್ಕೆ ಎರಡು ವೈರು. ಲಾಕ್ ಒತ್ತಿದಾಗ ಒಂದಕ್ಕೆ 12 ವೋಲ್ಟ್, ಇನ್ನೊಂದಕ್ಕೆ ಅರ್ಥ್ ಸಿಗುತ್ತದೆ. ಅನ್‌ಲಾಕ್ ಒತ್ತಿದರೆ ಅದೇ ಎರಡು ಅದಲುಬದಲಾಗಿ ಮೋಟಾರು ಹಿಂದಕ್ಕೆ ತಿರುಗುತ್ತದೆ. ಕರೆಂಟು ಬಂದು ಹೋಗುವುದು ಕ್ಷಣಮಾತ್ರ. ಆದ್ದರಿಂದ ಮೋಟಾರಿನ ಕಪ್ಲರ್ ಬಿಡಿಸಿ, ಎರಡು ವೈರಿನ ನಡುವೆ ಬಲ್ಬ್ ಇಟ್ಟು ಬಟನ್ ಒತ್ತಿಸಿದರೆ ಅದು ಮಿಂಚಿ ಆರಬೇಕು, ಲಾಕಿಗೊಮ್ಮೆ, ಅನ್‌ಲಾಕಿಗೊಮ್ಮೆ. ಎರಡಕ್ಕೂ ಮಿಂಚಿದರೆ ವೈರಿಂಗ್ ಸರಿಯಿದೆ, ಕೆಟ್ಟಿರುವುದು ಮೋಟಾರು. ಮಿಂಚದಿದ್ದರೆ ಹೊಸ ಮೋಟಾರು ಕೊಂಡು ಹಾಕಿದರೂ ಪ್ರಯೋಜನವಿಲ್ಲ. ಇಷ್ಟನ್ನೂ ನೋಡದೆ ಜನರಿಂದ ದುಡ್ಡು ಖರ್ಚು ಮಾಡಿಸುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ನಿವೃತ್ತ ಮೇಷ್ಟ್ರೊಬ್ಬರು ಹೀಗೇ ಬಂದಿದ್ದರು. ಲಾಕ್ ಒಮ್ಮೆ ಬೀಳುತ್ತದೆ, ಒಮ್ಮೆ ಬೀಳುವುದಿಲ್ಲ. ಕಂಟ್ರೋಲ್ ಯೂನಿಟ್ಟೇ ಬದಲಿಸಬೇಕೆಂದು ಬೇರೆಲ್ಲೋ ಹೇಳಿ ಕಳಿಸಿದ್ದರಂತೆ. "ಮೇಷ್ಟ್ರೇ, ನೀವು ಒಳಗೆ ಕೂತು ಬಟನ್ ಒತ್ತುತ್ತಾ ಇರಿ, ನಾನು ಬಾಗಿಲು ಆಡಿಸ್ತೀನಿ" ಅಂದೆ. ಬಾಗಿಲು ತೆರೆದಿದ್ದರೆ ಕೆಲವು ಕಾರು ಲಾಕ್ ಆಗಲು ಒಪ್ಪುವುದಿಲ್ಲ. ಆಗ ಬಾಗಿಲ ಅಂಚಿನ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತರಬೇಕು. ಬಾಗಿಲು ಹಾಕುವ ಮುಂಚೆ ಹಿಡಿಕೆ ಎಳೆದು ಅದನ್ನು ಬಿಡಿಸಲೇಬೇಕು, ಇಲ್ಲದಿದ್ದರೆ ಲ್ಯಾಚ್ ಮುರಿಯುತ್ತದೆ. ಬಾಗಿಲು ಅರ್ಧ ತೆರೆದಾಗ ಮೇಷ್ಟ್ರು ಕೂಗಿದರು: "ಈಗ ಬಂತು ನೋಡಪ್ಪ! ಅಯ್ಯೋ, ಮತ್ತೆ ಹೋಯ್ತು."

ಅಲ್ಲಿಗೆ ತಪ್ಪಿನ ಜಾಗ ಗೊತ್ತಾಯಿತು. ಬಾಗಿಲಿಗೂ ಬಾಡಿಗೂ ನಡುವೆ, ಕೀಲಿನ ಹತ್ತಿರ, ಒಂದು ರಬ್ಬರ್ ಕೊಳವೆ ಇರುತ್ತದೆ. ಕಿಟಕಿ, ಸ್ಪೀಕರ್, ಲಾಕ್ ಎಲ್ಲದರ ವೈರೂ ಅದರೊಳಗೇ ಹಾದುಹೋಗುತ್ತವೆ. ಪ್ರತಿ ಸಲ ಬಾಗಿಲು ತೆರೆದು ಹಾಕಿದಾಗಲೂ ಅವು ಅದೇ ಜಾಗದಲ್ಲಿ ಬಗ್ಗಿ ನೆಟ್ಟಗಾಗುತ್ತವೆ. ಬೇಲಿತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೆಚ್ಚು ತೆರೆಯುವುದು ಡ್ರೈವರ್ ಬಾಗಿಲು, ಮೊದಲು ಸೋಲುವುದೂ ಅದೇ. ಹೊರಗಿನ ಹೊದಿಕೆ ಮಾತ್ರ ಹೊಸದರಂತೆಯೇ ಕಾಣಬಹುದು. ಕೊಳವೆ ಸರಿಸಿ ಒಂದೊಂದು ವೈರನ್ನೂ ಮೆಲ್ಲಗೆ ಎಳೆದು ನೋಡಬೇಕು. ತಾಮ್ರ ತುಂಡಾದ ಕಡೆ ಹೊದಿಕೆ ಹಿಗ್ಗುತ್ತದೆ. ಮೇಷ್ಟ್ರ ಕಾರಿನಲ್ಲಿ ಸ್ವಿಚ್ಚಿನ ವೈರೇ ಹಾಗೆ ಹಿಗ್ಗಿತು. ಯೂನಿಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ.

ಬಲ್ಬ್ ಯಾಕೆ, ಮೀಟರ್ ಸಾಲದೇ ಎಂದು ಹೊಸ ಹುಡುಗರು ಕೇಳುತ್ತಾರೆ. ಡಿಜಿಟಲ್ ಮೀಟರ್ ಅಳೆಯುವಾಗ ಎಳೆದುಕೊಳ್ಳುವ ಕರೆಂಟು ತೀರಾ ಅತ್ಯಲ್ಪ. ವೈರಿನಲ್ಲಿ ಒಂದೇ ಒಂದು ಎಳೆ ಉಳಿದು, ಅದರ ತುದಿ ಬರಿದೇ ತಾಗಿಕೊಂಡಿದ್ದರೂ ಮೀಟರಿನಲ್ಲಿ 12 ವೋಲ್ಟ್ ಕಾಣುತ್ತದೆ. ಮೋಟಾರಿಗೆ ಬೇಕಾದದ್ದು ಆಂಪಿಯರುಗಳ ಲೆಕ್ಕದ ಕರೆಂಟು, ಅದು ಆ ಎಳೆಯಲ್ಲಿ ಹರಿಯದು. ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಹಾಗಾಗಿ ವೈರಿನ ನಿಜವಾದ ತಾಕತ್ತು ಅದರಲ್ಲಿ ಗೊತ್ತಾಗುತ್ತದೆ. ಆದರೆ ಈ ಬಲ್ಬ್ ಮೋಟಾರಿನ ವೈರಿಗೆ ಮಾತ್ರ. ಯೂನಿಟ್ಟಿಗೆ ಹೋಗುವ ಸಣ್ಣ ಸಿಗ್ನಲ್ ವೈರಿಗೆ ಮೀಟರೇ ಸರಿ, ಬಲ್ಬ್ ಇಟ್ಟರೆ ಯೂನಿಟ್ ಸುಡಬಹುದು. ಹಳದಿ ಹೊದಿಕೆಯ ವೈರು ಕಂಡರೆ ಎರಡನ್ನೂ ಇಡಬೇಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.

ಮುರಿದ ವೈರನ್ನು ಹೊಸೆದು ಟೇಪ್ ಸುತ್ತಿ ಕಳಿಸುವುದು ರಿಪೇರಿಯಲ್ಲ. ಬಗ್ಗುವ ಜಾಗದಿಂದ ಎರಡೂ ಕಡೆ ದೂರದಲ್ಲಿ ಕತ್ತರಿಸಿ, ನಡುವೆ ಹೊಸ ಮೆದು ವೈರು ಸೇರಿಸಿ, ಜಾಯಿಂಟುಗಳು ಕೊಳವೆಯ ಹೊರಗೆ ಬರುವಂತೆ ಬೆಸುಗೆ ಹಾಕಿ ಸ್ಲೀವ್ ಹೊದಿಸಬೇಕು. ಬೆಸುಗೆ ಹಾಕಿದ ಜಾಗ ಗಡುಸಾಗುವುದರಿಂದ ಅದು ಕೊಳವೆಯೊಳಗೇ ಉಳಿದರೆ ಮತ್ತೆ ಮುರಿಯುತ್ತದೆ. ಪದೇಪದೇ ಸುಡುವ ಫ್ಯೂಸಿಗೂ ಇಲ್ಲೇ ಕಾರಣ ಸಿಗುತ್ತದೆ, ಸಿಪ್ಪೆ ಸುಲಿದ ವೈರು ಬಾಡಿಗೆ ತಾಗಿರುತ್ತದೆ. ಆಗ ಹೆಚ್ಚು ಆಂಪಿಯರಿನ ಫ್ಯೂಸ್ ಹಾಕಿದರೆ ಸುಡುವುದು ಫ್ಯೂಸಲ್ಲ, ವೈರಿಂಗೇ.

ನಮ್ಮ ಮಲೆನಾಡಿನ ಕಾರುಗಳಿಗೆ ಇನ್ನೊಂದು ಕಾಟ ಮಳೆನೀರಿನದು. ಕಿಟಕಿಗಾಜಿನ ಪಕ್ಕದಿಂದ ನೀರು ಬಾಗಿಲೊಳಗೆ ಇಳಿಯುವುದು ಸಹಜ, ಹೊರಹೋಗಲು ಬಾಗಿಲಡಿ ತೂತುಗಳಿವೆ. ಅವು ಕೆಸರು, ಎಲೆಚೂರಿನಿಂದ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಸ್ಪೀಕರ್ ಹಾಕಿಸುವಾಗ ಡೋರ್ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಆ ನೀರು ಕಪ್ಲರಿಗೂ ತಲುಪಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಮುಂಗಾರಿಗೆ ಮೊದಲು ಆ ತೂತುಗಳಲ್ಲಿ ಒಂದು ಕಡ್ಡಿ ಆಡಿಸಿ. ಆಗಲೇ ಡ್ರೈವರ್ ಬಾಗಿಲಿಗೆ ಕೀಲಿ ಹಾಕಿಯೂ ಒಮ್ಮೆ ತಿರುಗಿಸಿ. ರಿಮೋಟ್ ಬಂದ ಮೇಲೆ ಯಾರೂ ಮುಟ್ಟದ ಆ ಕೀಲಿತೂತು ಧೂಳು ಕೂತು ಬಿಗಿದಿರುತ್ತದೆ, ಸ್ವಲ್ಪ ಗ್ರಾಫೈಟ್ ಪುಡಿ ಹಾಕಿದರೆ ಸಡಿಲಾಗುತ್ತದೆ. ಕಾರಿನ ಬ್ಯಾಟರಿ ಪೂರ್ತಿ ಇಳಿದ ದಿನ ಒಳಗೆ ಹೋಗಲು ಅದೇ ದಾರಿ.