ಕಾವಲಿಯಿಂದ ನೇರ ಕೈಗೆ: ಕೊರಿಯಾದ ಹೊತ್ತೊಕ್

ಹೊತ್ತೊಕ್ ಎಂಬುದು ದಕ್ಷಿಣ ಕೊರಿಯಾದ ಬೀದಿಬದಿಯಲ್ಲಿ, ಹೆಚ್ಚಾಗಿ ಚಳಿಗಾಲದಲ್ಲಿ ಮಾರುವ, ಒಳಗೆ ಸಿಹಿ ತುಂಬಿದ ದಪ್ಪ ರೊಟ್ಟಿ. ಉಬ್ಬಿ ಬಂದ ಗೋಧಿಹಿಟ್ಟಿನ ಕಣಕದೊಳಗೆ ಕಂದು ಸಕ್ಕರೆ, ದಾಲ್ಚಿನ್ನಿ ಪುಡಿ, ತರಿತರಿಯಾಗಿ ಕುಟ್ಟಿದ ಶೇಂಗಾ ಇಟ್ಟು, ಎಣ್ಣೆ ಹಾಕಿದ ಕಾವಲಿಯ ಮೇಲೆ ಒತ್ತಿ ಬೇಯಿಸುತ್ತಾರೆ. ಹೋಳಿಗೆ ಉಂಡವರಿಗೆ ಇದು ಪರಿಚಿತವೆನಿಸೀತು. ಆದರೆ ಹೋಳಿಗೆಯ ಹೂರಣ ಬೆಂದು, ರುಬ್ಬಿ, ಮೊದಲೇ ಸಿದ್ಧವಾಗಿರುತ್ತದೆ. ಹೊತ್ತೊಕ್‌ಗೆ ಸಕ್ಕರೆಯನ್ನು ಒಣಗಿದ್ದಂತೆಯೇ ತುಂಬುತ್ತಾರೆ. ಅದು ಪಾಕವಾಗುವುದು ಕಾವಲಿಯ ಮೇಲೆ, ಕಣಕದ ಒಳಗೇ. ಈ ತಿಂಡಿಯ ರುಚಿ ನಿಂತಿರುವುದು ಇದರ ಮೇಲೆ. ಮನೆ, ಹೋಟೆಲುಗಳಿಗಿಂತ ಬೀದಿಗೇ ಅದು ಹೆಚ್ಚು ಒಗ್ಗಿರುವುದಕ್ಕೂ ಇದೇ ಕಾರಣ.

ಕಣಕಕ್ಕೆ ಮೈದಾ, ನೀರು ಅಥವಾ ಹಾಲು, ಚೂರು ಸಕ್ಕರೆ, ಉಪ್ಪು ಮತ್ತು ಯೀಸ್ಟ್ ಸೇರುತ್ತವೆ. ಅನೇಕರು ಅಂಟು ಅಕ್ಕಿಯ ಹಿಟ್ಟನ್ನೂ ಬೆರೆಸುತ್ತಾರೆ. ಅದರಿಂದ ರೊಟ್ಟಿಗೆ ಕೊರಿಯನ್ನರು ಬಹಳವಾಗಿ ಮೆಚ್ಚುವ ಅಗಿಯುವ ಗುಣ ಬರುತ್ತದೆ. ಚಪಾತಿ ಹಿಟ್ಟಿಗಿಂತ ಇದು ಎಷ್ಟೋ ಸಡಿಲ, ಬರಿಗೈಗೆ ಮೆತ್ತಿಕೊಳ್ಳುವಂಥದ್ದು. ಹಾಗಾಗಿ ಮಾರುವವರು ಕೈಗೆ ಎಣ್ಣೆ ಸವರಿಕೊಂಡು ಒಂದು ಉಂಡೆ ಹರಿದು, ಅಂಗೈಯಲ್ಲಿ ಅಗಲಿಸಿ, ಒಂದು ಚಮಚ ಸಕ್ಕರೆ ಸುರಿದು ಅಂಚುಗಳನ್ನು ಕೂಡಿಸಿ ಮುಚ್ಚುತ್ತಾರೆ. ಮುಚ್ಚಿದ ಭಾಗ ಕೆಳಗಾಗುವಂತೆ ಕಾವಲಿಗೆ ಇಡುತ್ತಾರೆ. ತಳ ತುಸು ಗಟ್ಟಿಯಾದ ಮೇಲೆ ಮಗುಚಿ, ಮರದ ಹಿಡಿಯಿರುವ ದುಂಡನೆಯ ಲೋಹದ ತಟ್ಟೆಯಿಂದ ಮೇಲಿನಿಂದ ಒತ್ತುತ್ತಾರೆ. ಮೊದಲೇ ಒತ್ತಿದರೆ ಹಸಿ ಹಿಟ್ಟು ತಟ್ಟೆಗೆ ಅಂಟುತ್ತದೆ. ತಡಮಾಡಿದರೆ ಉಂಡೆ ಸರಿಯಾಗಿ ಹರಡುವುದಿಲ್ಲ, ಮೈ ಬಿರಿದು ಸಕ್ಕರೆ ಹೊರಬಂದು ಕಾವಲಿಯ ಮೇಲೆ ಸೀಯುತ್ತದೆ. ಆ ಹೊತ್ತನ್ನು ಅರಿಯುವುದೇ ಈ ಕಸುಬಿನ ನಿಜವಾದ ಜಾಣ್ಮೆ.

ಕಾವೇರಿದಂತೆ ಹಿಟ್ಟಿನ ತೇವ ಆವಿಯಾಗಿ ಸಕ್ಕರೆಗೆ ತಾಗುತ್ತದೆ, ಸಕ್ಕರೆ ಕರಗಿ ದಟ್ಟ ಪಾಕವಾಗುತ್ತದೆ. ಶೇಂಗಾ ಅದರಲ್ಲಿ ನೆನೆದರೂ ಗರಿಗರಿತನ ಬಿಡುವುದಿಲ್ಲ. ಪಾಕ ತೀರ ನೀರಾಗದಿರಲೆಂದು ಕೆಲವರು ಸಕ್ಕರೆಗೆ ಚಿಟಿಕೆ ಹಿಟ್ಟನ್ನೂ ಬೆರೆಸುತ್ತಾರೆ.

ಈಗ ಅಪ್ಪಟ ಕೊರಿಯನ್ ಎನಿಸಿಕೊಂಡಿರುವ ಹೊತ್ತೊಕ್‌ನ ಬೇರು ಚೀನಾದಲ್ಲಿದೆ. 1882ರಲ್ಲಿ ಸೋಲ್‌ನಲ್ಲಿ ಸೈನಿಕರು ದಂಗೆಯೆದ್ದಾಗ ಚೀನಾದ ಚಿಂಗ್ ಸಾಮ್ರಾಜ್ಯ ಪಡೆ ಕಳಿಸಿತು. ಪಡೆಯ ಬೆನ್ನಿಗೇ ಚೀನೀ ವರ್ತಕರೂ ಬಂದರು. ಮರುವರ್ಷ ಇಂಚಿಯೋನ್ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡಿತು, ಅಲ್ಲಿ ಚೀನೀಯರ ಕೇರಿ ಬೆಳೆಯಿತು. 1912ರಲ್ಲಿ ಚಿಂಗ್ ಆಳ್ವಿಕೆ ಮುಗಿದ ಮೇಲೂ ಕೊರಿಯಾದಲ್ಲೇ ಉಳಿದ ಹಲವರು ಹೊಟ್ಟೆಪಾಡಿಗೆ ರೊಟ್ಟಿ, ಕಡುಬಿನ ಅಂಗಡಿ ಇಟ್ಟರು. ಅವರ ನಾಡಿನ ರೊಟ್ಟಿಗಳಲ್ಲಿ ಮಾಂಸ ತುಂಬಿದವೂ ಇದ್ದವು. ಕೊರಿಯನ್ ಗಿರಾಕಿಗಳಿಗೆ ಹಿಡಿಸಿದ್ದು ಸಿಹಿ ತುಂಬಿದ ರೊಟ್ಟಿ. ಆದರೆ ಈ ಅಂಗಡಿಕಾರರ ಬದುಕು ಸುಗಮವಾಗಿರಲಿಲ್ಲ. 1931ರ ಜುಲೈಯಲ್ಲಿ ಚೀನೀಯರ ವಿರುದ್ಧ ಭುಗಿಲೆದ್ದ ಗಲಭೆಗಳಲ್ಲಿ ಅನೇಕರು ಸತ್ತರು, ಸಾವಿರಾರು ಮಂದಿ ಊರು ಬಿಟ್ಟರು. ತಿಂಡಿ ಮಾತ್ರ ಉಳಿಯಿತು. ಹೊತ್ತೊಕ್‌ನ ಕಥೆ ಹೇಳುವಾಗ ಅದನ್ನು ತಂದವರ ಈ ನೋವನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಅಕ್ಕಿಯನ್ನೇ ನಂಬಿದ ಆ ದೇಶದಲ್ಲಿ ಗೋಧಿಹಿಟ್ಟು ಅಗ್ಗವಾದದ್ದು ಕೊರಿಯಾ ಯುದ್ಧದ ನಂತರ, ಅಮೆರಿಕದ ನೆರವಿನ ಗೋಧಿ ಹಡಗುಗಳಲ್ಲಿ ಬರತೊಡಗಿದಾಗ. ಅಕ್ಕಿಯ ಕೊರತೆ ನೀಗಿಸಲು 1960 ಮತ್ತು 70ರ ದಶಕಗಳಲ್ಲಿ ಸರ್ಕಾರವೇ ಹಿಟ್ಟಿನ ತಿನಿಸುಗಳನ್ನು ತಿನ್ನಿರೆಂದು ಜನರನ್ನು ಪ್ರೋತ್ಸಾಹಿಸಿತು. ಒಂದು ಗಾಡಿ, ಒಂದು ಕಾವಲಿ, ಒಂದು ಒಲೆ ಇದ್ದರೆ ನಡೆಯುವ ಹೊತ್ತೊಕ್ ವ್ಯಾಪಾರಕ್ಕೆ ಇದು ಅನುಕೂಲವಾಯಿತು.

ಊರಿಗೊಂದು ಬಗೆಯೂ ಹುಟ್ಟಿಕೊಂಡಿತು. ಇವುಗಳಲ್ಲಿ ಬುಸಾನ್ ನಗರದ ಬೀಜದ ಹೊತ್ತೊಕ್‌ಗೆ ವಿಶೇಷ ಹೆಸರು. 1996ರಲ್ಲಿ ಬುಸಾನ್ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ (ಬಿಫ್) ಶುರುವಾದ ನಂಪೊ-ದೊಂಗ್ ಪ್ರದೇಶದ ಬಿಫ್ ಚೌಕದಲ್ಲಿ ಇದರ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಧಾರಾಳ ಎಣ್ಣೆಯಲ್ಲಿ ಕರಿದ ಹೊತ್ತೊಕ್‌ನ ಅಂಚನ್ನು ಕತ್ತರಿಯಿಂದ ಸೀಳಿ, ಸೂರ್ಯಕಾಂತಿ ಮತ್ತು ಕುಂಬಳದ ಬೀಜ, ಶೇಂಗಾಗಳನ್ನು ಬಾಯಿತುಂಬ ಸುರಿಯುತ್ತಾರೆ. ಬೀಜಗಳು ಕೊನೆಗೆ ಸೇರುವುದರಿಂದ ಪಾಕದಲ್ಲಿ ಮೆತ್ತಗಾಗುವುದಿಲ್ಲ. ಸೋಲ್‌ನ ನಾಮ್‌ದೇಮುನ್ ಮಾರುಕಟ್ಟೆಯಲ್ಲಿ ಸಿಹಿಯ ಬದಲು ತರಕಾರಿ, ಶಾವಿಗೆ ತುಂಬಿ, ಮೇಲೆ ಸೋಯಾ ಸಾಸ್ ಸವರಿದ ಖಾರದ ಬಗೆ ಸಿಗುತ್ತದೆ. ಹಸಿರು ಚಹಾದ ಪುಡಿ, ಜೋಳದ ಹಿಟ್ಟು ಬೆರೆಸಿದವೂ ಇವೆ.

ಕೊಂಡವರು ಇದನ್ನು ಮಡಚಿದ ದಪ್ಪ ಕಾಗದದಲ್ಲೋ ಕಾಗದದ ಲೋಟದಲ್ಲೋ ಹಿಡಿದು, ಗಾಡಿಯ ಪಕ್ಕದಲ್ಲೇ ನಿಂತು ತಿನ್ನುತ್ತಾರೆ. ಜನವರಿಯಲ್ಲಿ ಸೋಲ್‌ನ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವುದು ಸಾಮಾನ್ಯ. ಅಂಥ ದಿನಗಳಲ್ಲಿ ಅದು ಕೈಯನ್ನೂ ಬೆಚ್ಚಗಿಡುತ್ತದೆ. ಆತುರ ಮಾತ್ರ ಸಲ್ಲದು. ಹೊರಮೈ ಬೇಗ ಆರಿದರೂ ಒಳಗಿನ ಪಾಕ ನಾಲಿಗೆ ಸುಡುವಷ್ಟು ಬಿಸಿಯಾಗಿರುತ್ತದೆ. ಅಂಚಿನಿಂದ ಚಿಕ್ಕದಾಗಿ ಕಚ್ಚಿ, ಆವಿ ಹೋಗಲು ಬಿಟ್ಟು, ಪಾಕ ಗಲ್ಲಕ್ಕೆ ಹರಿಯದಂತೆ ನೆಟ್ಟಗೆ ಹಿಡಿದು ತಿನ್ನಬೇಕು.

ಹಿಟ್ಟು, ಯೀಸ್ಟ್, ಸಕ್ಕರೆ ಮಿಶ್ರಣಗಳನ್ನು ಬೇರೆಬೇರೆಯಾಗಿ ತುಂಬಿದ ಪೊಟ್ಟಣಗಳು ಈಗ ಕೊರಿಯಾದ ಅಂಗಡಿಗಳಲ್ಲೂ ವಿದೇಶಗಳ ಕೊರಿಯನ್ ದಿನಸಿ ಮಳಿಗೆಗಳಲ್ಲೂ ಸಿಗುತ್ತವೆ. ಅವುಗಳಿಂದ ಮನೆಯಲ್ಲೂ ಒಳ್ಳೆಯ ಹೊತ್ತೊಕ್ ಮಾಡಬಹುದು, ಇಳಿಸಿದ ಕೂಡಲೇ ತಿಂದರೆ. ಇಟ್ಟರೆ ಪಾಕ ಹಿಟ್ಟಿಗೆ ಇಂಗಿ ಮೇಲ್ಮೈಯ ಗರಿಗರಿ ಹೋಗುತ್ತದೆ, ಅಂಟು ಅಕ್ಕಿ ಬಿರುಸಾಗುತ್ತದೆ. ಆರಿದ್ದನ್ನು ಮೈಕ್ರೋವೇವ್‌ಗಿಂತ ಒಣ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡುವುದು ಲೇಸು. ಆಗ ಹೊರಮೈ ಮತ್ತೆ ತಕ್ಕಮಟ್ಟಿಗೆ ಗರಿಯಾಗುತ್ತದೆ.